ಎರಡು ಬ್ರೇಕಿನ ಕಾರು

ಹುಟ್ಟುವಾಗ ನನಗಿದ್ದದ್ದು ಒಂದೇ ಬ್ರೇಕು. ಎಲ್ಲ ಕಾರುಗಳಂತೆ ನಾನೂ ಕಾರ್ಖಾನೆಯ ಸಾಲಿನಲ್ಲಿ ಹುಟ್ಟಿದವನು. ನನಗೆ ಗಾಜು ಕೂಡಿಸುವಾಗ ಮುಂದಿನವನಿಗೆ ಬಣ್ಣ ಒಣಗಿತ್ತು, ಹಿಂದಿನವನಿಗೆ ಇನ್ನೂ ಗಾಲಿಯೇ ಇರಲಿಲ್ಲ. ಬಿಳಿ ಮೈ, ಕೋಳಿಮೊಟ್ಟೆಯಂಥ ಬೆನ್ನು, ಸಾಮಾನ್ಯರ ಕಾರು ನಾನು. ಮುಂದಿನ ದೀಪಗಳನ್ನು ನೋಡಿ ಅವೇ ನಮ್ಮ ಕಣ್ಣು ಎಂದು ಮನುಷ್ಯರು ತಿಳಿದಿದ್ದಾರೆ. ಹಾಗಲ್ಲ. ಕಾರು ಲೋಕವನ್ನು ಕಾಣುವುದು ಪೆಡಲುಗಳಿಂದ. ನಮ್ಮ ಪಾಲಿಗೆ ಮನುಷ್ಯನೆಂದರೆ ಅವನ ಪಾದ. ನಗುನಗುತ್ತ ಸುಳ್ಳು ಹೇಳುವ ಮುಖಗಳು ಬೇಕಾದಷ್ಟಿವೆ, ಆದರೆ ಪಾದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಹೆದರಿದರೆ ಅದು ನಡುಗುತ್ತದೆ, ಸೊಕ್ಕಿದರೆ ತುಳಿಯುತ್ತದೆ.

ನನ್ನನ್ನು ಮೊದಲು ಕೊಂಡವರು ದನದ ಡಾಕ್ಟರು ಓಂಕಾರಮೂರ್ತಿ. ಚಿತ್ರದುರ್ಗ ಸೀಮೆಯ ಹಳ್ಳಿಗಳಲ್ಲಿ ಎಲ್ಲಿ ಎಮ್ಮೆ ಕರು ಹಾಕಲಾರದೆ ಒದ್ದಾಡುತ್ತಿದೆಯೋ ಅಲ್ಲಿಗೆ ನಾವಿಬ್ಬರೂ ಹೋಗುತ್ತಿದ್ದೆವು. ಅವರ ಬೂಟಿನಲ್ಲಿ ಸಗಣಿಯ ವಾಸನೆ ಇರುತ್ತಿತ್ತು. ಆದರೆ ಆ ಬೂಟು ಬ್ರೇಕನ್ನು ಒತ್ತುತ್ತಿದ್ದ ರೀತಿ ಹಸುವಿನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡುವಂತಿತ್ತು. ನಾಯಿ ಅಡ್ಡ ಬಂದರೆ ನಿಲ್ಲಿಸಿ ಅದು ದಾಟುವ ತನಕ ಕಾಯುತ್ತಿದ್ದರು. ಅವರಿಗೆ ವರ್ಗವಾದಾಗ ನನ್ನನ್ನು ಮಾರಿದರು. ಮಾರಿದ್ದು ಪಾಲಾಕ್ಷನಿಗೆ.

ಪಾಲಾಕ್ಷ ಬೇವನಹಳ್ಳಿಯವನು. ಹತ್ತಿರದ ತಾಲ್ಲೂಕು ಪಟ್ಟಣದಲ್ಲಿ ಅವನದೊಂದು ಡ್ರೈವಿಂಗ್ ಸ್ಕೂಲು. ನನ್ನನ್ನು ಕೊಂಡ ಮರುದಿನವೇ ಒಂದು ಶೆಡ್ಡಿಗೆ ಕರೆದೊಯ್ದ. ಅಲ್ಲಿ ನನ್ನ ಎಡಗಡೆಯ ನೆಲವನ್ನು ಕೊರೆದು ಇನ್ನೊಂದು ಜೊತೆ ಪೆಡಲು ಕೂಡಿಸಿದರು, ಎರಡು ಬ್ರೇಕುಗಳ ನಡುವೆ ಒಂದು ಕಬ್ಬಿಣದ ಸರಳು ಬೆಸೆದರು. ಎಡಗಡೆ ಕೂತ ಗುರು ತನ್ನ ಬ್ರೇಕು ಒತ್ತಿದರೆ ಬಲಗಡೆಯ ಶಿಷ್ಯನ ಬ್ರೇಕೂ ತಾನಾಗಿ ಕೆಳಗಿಳಿಯುತ್ತದೆ. ನನ್ನ ಎರಡನೇ ಹುಟ್ಟು ಅದು. ಬೆನ್ನ ಮೇಲೆ ಕೆಂಪು ಬಣ್ಣದ ‘ಎಲ್’ ಬರೆದು ಅದರ ಕೆಳಗೆ ಅವನ ಹೆಸರು ಬರೆಸಿದರು.

ಪಾಲಾಕ್ಷ ಕೆಟ್ಟ ಮೇಷ್ಟ್ರಲ್ಲ. ದ್ವೇಷ ಇಟ್ಟುಕೊಂಡವನೂ ಇಷ್ಟನ್ನು ಒಪ್ಪಿಕೊಳ್ಳಬೇಕು. ಚಪ್ಪಲಿ ಬಿಚ್ಚಿ ಹತ್ತಿ ಎನ್ನುತ್ತಿದ್ದ. ಬರಿಗಾಲಿಗೆ ಮಾತ್ರ ಪೆಡಲು ಮಾತಾಡುತ್ತದೆ ಎಂದು ಅವನ ನಂಬಿಕೆ. ಅದು ನಿಜ ಕೂಡ. ಯಾರು ಬಂದು ಕೂತರೂ ಮೊದಲ ಮಾತು ಒಂದೇ: “ಹೆದರಬ್ಯಾಡಿ. ನನ್ನ ಕಾಲು ಬ್ರೇಕ್ ಮೇಲೇ ಐತೆ.” ಹೆದರಿ ಬೆವೆತಿದ್ದ ಪಾದಗಳು ಈ ಮಾತು ಕೇಳಿ ಸಡಿಲಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಪಟ್ಟಣದ ಅರ್ಧ ಜನ ಹೀಗೆಯೇ ಕಲಿತವರು: ಪೇದೆಗಳು, ಔಷಧಿ ಅಂಗಡಿಯವರು, ಹೈಸ್ಕೂಲಿನ ಟೀಚರುಗಳು, ಕೋರ್ಟಿನ ಗುಮಾಸ್ತರು. ಪರೀಕ್ಷೆಯಲ್ಲಿ ರಿವರ್ಸ್ ಬರದವರಿಗೂ ಲೈಸೆನ್ಸು ಬರುವಂತೆ ಮಾಡುವುದು ಅವನಿಗೆ ಗೊತ್ತಿತ್ತು. ಹಾಗಾಗಿ ಊರಿನ ತುಂಬ ಅವನ ಋಣ.

ಅವನ ಸ್ಕೂಲಿನದೊಂದು ಪದ್ಧತಿ. ಹೋಗುವಾಗ ಗಾಡಿ ಶಿಷ್ಯರದು, ಬರುವಾಗ ಗುರುವಿನದು. ಸ್ಮಶಾನದ ಹಿಂದಿನ ಬಯಲಿಗೆ ಶಿಷ್ಯರು ತೆವಳಿಕೊಂಡು ಓಡಿಸಿಕೊಂಡು ಹೋಗುವರು. ಅಲ್ಲಿ ಸುತ್ತು ಹೊಡೆದಾದ ಮೇಲೆ ಪಾಲಾಕ್ಷ “ಇಳಿರಿ, ಮುಂದಿನ ಬ್ಯಾಚು ಕಾಯ್ತಾ ಐತೆ” ಎಂದು ತಾನೇ ಬಲಗಡೆ ಕೂರುವನು. ಶಿಷ್ಯರು ಅವನ ಜಾಗದಲ್ಲಿ ಎಡಗಡೆ. ಆಮೇಲೆ ನೋಡಬೇಕು ಅವನ ಕಾಲನ್ನು. ಹೋಗುವಾಗ ಸನ್ಯಾಸಿಯಂತೆ ಬ್ರೇಕಿನ ಮೇಲೆ ಧ್ಯಾನಕ್ಕೆ ಕೂತಿದ್ದ ಪಾದ ಬರುವಾಗ ಎಕ್ಸಲೇಟರನ್ನು ಹಾವಿನ ತಲೆ ತುಳಿದಂತೆ ತುಳಿಯುತ್ತಿತ್ತು. ಕೆರೆ ಏರಿಯ ನೇರ ರಸ್ತೆಗೆ ಬಂದರಂತೂ ಸ್ಟೇರಿಂಗನ್ನು ಎರಡು ಮೊಣಕಾಲುಗಳ ನಡುವೆ ಅವುಚಿಕೊಂಡು, ಎರಡೂ ಕೈಯಲ್ಲಿ ಗುಟ್ಕಾ ಚೀಟಿ ಹರಿದು ಬಾಯಿಗೆ ಸುರಿದುಕೊಳ್ಳುವನು. ಶಿಷ್ಯರು ಇದನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಡಾಕ್ಟರ ಬೂಟು ನೆನಪಾಗುತ್ತಿತ್ತು.

ಹೀಗಿರುವಾಗ ತಿಪ್ಪಮ್ಮ ಬಂದಳು.

ಅವಳದೂ ಬೇವನಹಳ್ಳಿಯೇ. ಅಲ್ಲಿನ ಪಂಚಾಯಿತಿಗೆ ಕಸ ಒಯ್ಯುವ ಹೊಸ ಗಾಡಿ ಬರುವುದಿತ್ತು, ಅದನ್ನು ಮಹಿಳಾ ಸಂಘದವರೇ ಓಡಿಸಬೇಕೆಂದು ತೀರ್ಮಾನವಾಗಿತ್ತು. ಸಂಘದ ಹೆಂಗಸರು ಒಬ್ಬೊಬ್ಬರಾಗಿ ಪಾಲಾಕ್ಷನಲ್ಲಿಗೆ ಕಲಿಯಲು ಬಂದರು. ಹೆಚ್ಚಿನವರು ಕ್ಲಚ್ಚಿಗೇ ಹೆದರಿ ಓಡಿದರು. ಗಟ್ಟಿಯಾಗಿ ನಿಂತವಳು ತಿಪ್ಪಮ್ಮ. ಗಾರೆ ಕೆಲಸ ಮಾಡಿ ಸಿಮೆಂಟು ತಿಂದ ಪಾದ, ಹಿಮ್ಮಡಿ ಬಿರಿದಿತ್ತು, ಹೆಬ್ಬೆರಳಿನ ಉಗುರು ಎಂದೋ ಕಲ್ಲು ಬಿದ್ದು ಕಪ್ಪಾಗಿತ್ತು. ಮೊದಲ ದಿನವೇ ಅವಳು ಪೆಡಲಿನ ಮೇಲೆ ಕಾಲಿಟ್ಟು ಸುಮ್ಮನೆ ಕೂತಳು. ಒತ್ತಲಿಲ್ಲ. ಎಲ್ಲಿಂದ ಹಿಡಿಯುತ್ತದೆ ಎಂದು ಹುಡುಕುತ್ತಿದ್ದಳು. ಡಾಕ್ಟರ ನಂತರ ನನ್ನನ್ನು ಹಾಗೆ ಕೇಳಿದ ಕಾಲು ಅದೊಂದೇ.

“ಏನಮ್ಮ ತಿಪ್ಪಮ್ಮ, ತಿಪ್ಪೆ ಗಾಡಿ ಓಡಿಸೋಕೆ ಇಷ್ಟ್ ತಪಸ್ಸಾ?” ಎಂದ ಪಾಲಾಕ್ಷ.

“ಹ್ಞೂಂ ಮೇಷ್ಟ್ರೇ. ನಿಮ್ಮನೆ ಕಸಾನೂ ನಾನೇ ಒಯ್ಯಬೇಕಲ್ಲ, ಜ್ವಾಪಾನವಾಗಿ ಕಲೀತೀನಿ.”

ಅವಳಿಗೊಂದು ಅಭ್ಯಾಸವಿತ್ತು. ಬರುವಾಗ ಎಡಗಡೆ ಕೂತವಳು ಸುಮ್ಮನಿರುತ್ತಿರಲಿಲ್ಲ. ಅಲ್ಲಿನ ಪೆಡಲುಗಳ ಮೇಲೆ ಕಾಲು ಆಡಿಸುತ್ತ, ಅವನು ಎಲ್ಲಿ ಕ್ಲಚ್ ಒತ್ತುತ್ತಾನೆ, ಎಲ್ಲಿ ಬ್ರೇಕ್ ಒತ್ತುತ್ತಾನೆ ಎಂದು ಒತ್ತದೆಯೇ ಅಭ್ಯಾಸ ಮಾಡುವಳು. ಪಾಲಾಕ್ಷ ಗದರುತ್ತಿದ್ದ. ಅವಳು ಕಾಲು ಹಿಂದಕ್ಕೆಳೆದು, ಅವನು ಮರೆತ ಕೂಡಲೇ ಮತ್ತೆ ಇಡುತ್ತಿದ್ದಳು.

ಆ ದಿನ ಬೆಳಿಗ್ಗೆ ಬಯಲಿನಲ್ಲಿ ತಿಪ್ಪಮ್ಮನಿಗೆ ಮೊದಲ ಸಲ ರಿವರ್ಸ್ ಸರಿಯಾಗಿ ಬಂತು. ಖುಷಿಯಲ್ಲೇ ಅವಳು ಎಡಗಡೆಗೆ ಬಂದು ಕೂತಳು. ಪಾಲಾಕ್ಷ ಬಲಗಡೆ. ಕೆರೆ ಏರಿಯ ತಿರುವು ದಾಟುತ್ತಲೇ ಮೊಣಕಾಲು ಸ್ಟೇರಿಂಗಿಗೆ ಬಂತು, ಕೈ ಗುಟ್ಕಾ ಚೀಟಿಗೆ ಹೋಯಿತು. ಚೀಟಿ ಹರಿಯಲಿಲ್ಲ. ಹಲ್ಲಿನಲ್ಲಿ ಕಚ್ಚಿ ತಲೆ ಬಗ್ಗಿಸಿದ. ರಸ್ತೆಯ ಎಡಬದಿಯಲ್ಲಿ, ತನ್ನ ಪಾಡಿಗೆ ತಾನು, ಸೈಕಲ್ಲಿನ ಹಿಂದೆ ಉಣ್ಣೆಯ ಮೂಟೆ ಕಟ್ಟಿಕೊಂಡು ಕಂಬಳಿ ನೇಯುವ ಬೀರಣ್ಣ ಹೋಗುತ್ತಿದ್ದ.

“ಮೇಷ್ಟ್ರೇ, ಸೈಕಲ್ಲು” ಎಂದಳು ತಿಪ್ಪಮ್ಮ.

ಬಲಗಡೆಯ ಕಾಲು ಎಕ್ಸಲೇಟರ್ ಬಿಟ್ಟು ಕದಲಲಿಲ್ಲ. ಎಡಗಡೆಯ ಬ್ರೇಕಿನ ಮೇಲೆ ಆ ಬಿರಿದ ಹಿಮ್ಮಡಿ, ಆ ಕಪ್ಪು ಉಗುರಿನ ಹೆಬ್ಬೆರಳು ತಮ್ಮೆಲ್ಲ ಭಾರ ಹಾಕಿ ಬಿದ್ದವು. ನಾನು ಹಿಡಿದೆ. ನನ್ನ ಪ್ರಾಣ ಹೋಗುವಷ್ಟು ಹಿಡಿದೆ. ನಾಲ್ಕೂ ಗಾಲಿಗಳು ಕಿರುಚಿದವು. ಆದರೂ ಬೀರಣ್ಣನ ಬಲಗಾಲು ನನ್ನ ಬಂಪರಿಗೂ ಸೈಕಲ್ಲಿಗೂ ನಡುವೆ ಸಿಕ್ಕಿತು. ಅವಳು ಒತ್ತದಿದ್ದರೆ ಅವನ ಎದೆಯೇ ಸಿಕ್ಕುತ್ತಿತ್ತು. ಉಣ್ಣೆ ರಸ್ತೆಯ ತುಂಬ ಹರಡಿ ಕಪ್ಪಗೆ ಹಾರಾಡಿತು.

ಮುಂದೆ ನಡೆದದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಪಾಲಾಕ್ಷ ಇಳಿದ, ಆದರೆ ಬೀರಣ್ಣನ ಕಡೆ ಓಡಲಿಲ್ಲ. ಹಿಂದೆ ತಿರುಗಿ ನೋಡಿದ. ದೂರದ ತೋಟದಿಂದ ಜನ ಬರುತ್ತಿದ್ದರು.

“ತಿಪ್ಪಮ್ಮ, ಈ ಕಡೆ ಬಾ. ಬೇಗ ಬಾ. ನಿಂದು ಎಲ್ ಬೋರ್ಡು, ಕಲಿಯೋರ ಮೇಲೆ ಕೇಸ್ ನಿಲ್ಲಲ್ಲ. ನನ್ನ ಲೈಸೆನ್ಸ್ ಹೋದ್ರೆ ಸ್ಕೂಲೇ ಮುಚ್ತೈತೆ, ನಿಮ್ ಸಂಘದಾಗೆ ಒಬ್ಬರಿಗೂ ಲೈಸೆನ್ಸ್ ಆಗಲ್ಲ, ಗಾಡಿ ಬೇರೆ ಊರಿಗೆ ಹೋಯ್ತದೆ. ನಾನಿದೀನಿ, ಬಾ.”

ಇಷ್ಟು ದಿನ ‘ನನ್ನ ಕಾಲು ಬ್ರೇಕ್ ಮೇಲೇ ಐತೆ’ ಎಂದ ಗುರು ಅವನು. ಅವಳು ನಂಬಿದಳು. ಗೇರಿನ ಕೋಲು ದಾಟಿ ಬಲಗಡೆ ಬಂದಳು, ಬಲಗಡೆಯ ಬಾಗಿಲಿನಿಂದ ಇಳಿದಳು, ಇಳಿದವಳೇ ಬೀರಣ್ಣನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಂದ ಜನಕ್ಕೆ ಕಂಡದ್ದು ಇಷ್ಟೇ: ಬಲಗಡೆಯಿಂದ ಇಳಿದ ಹೆಂಗಸು. “ನೀನೇನಮ್ಮ ಓಡಿಸ್ತಿದ್ದಿದ್ದು?” ಎಂದು ಯಾರೋ ಕೇಳಿದರು. ಅವಳು ಹ್ಞೂಂ ಎಂದಳು. ಠಾಣೆಯಲ್ಲಿ ಪಾಲಾಕ್ಷ ತಾನೇ ದೂರು ಕೊಟ್ಟ. ಬರೆಯುವ ಪೇದೆ ಅವನ ಹಳೆಯ ಶಿಷ್ಯ. ‘ಅತಿವೇಗ ಹಾಗೂ ಅಜಾಗರೂಕತೆಯಿಂದ ವಾಹನ ಚಲಾಯಿಸಿ’ ಎಂಬ ಸಾಲನ್ನು ಅವನು ತಲೆ ಎತ್ತದೆ ಬರೆದ. ಆ ಸಾಲು ಅಪಘಾತಕ್ಕೆ ಮೊದಲೇ ಬರೆದಿಟ್ಟಂತೆ ಇರುತ್ತದೆ, ಹೆಸರು ತುಂಬುವುದಷ್ಟೇ ಬಾಕಿ. ತುಂಬಿದ ಹೆಸರು ತಿಪ್ಪಮ್ಮನದು.

ನನ್ನನ್ನು ಜಪ್ತಿ ಮಾಡಿ ಠಾಣೆಯ ಅಂಗಳದಲ್ಲಿ ನಿಲ್ಲಿಸಿದರು. ವಿಮೆಯ ಕಾಗದ ಹಳೆಯದಾಗಿದ್ದರಿಂದ ಪಾಲಾಕ್ಷನಿಗೆ ನನ್ನನ್ನು ಬಿಡಿಸಿಕೊಳ್ಳಲು ಆಗಲಿಲ್ಲ, ಇನ್ನೊಂದು ಕಾರು ತಂದು ಸ್ಕೂಲು ನಡೆಸಿದ. ವಾಹನ ತನಿಖೆಯ ಅಧಿಕಾರಿ ಬಂದು ನನ್ನ ಮೇಲೆ ಕೂತು ಒತ್ತಿ, ಓಡಿಸಿ, ನಿಲ್ಲಿಸಿ ನೋಡಿದರು. ಬ್ರೇಕು ಸುಸ್ಥಿತಿಯಲ್ಲಿದೆ ಎಂದು ಬರೆದರು. ಆ ಒಂದು ಮಾತಿಗೆ ನಾನು ಇಂದಿಗೂ ಅವರಿಗೆ ಋಣಿ. ಆದರೆ ಯಾವ ಬ್ರೇಕು, ಯಾರ ಕಾಲು ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ಹೇಳಲು ನನಗೆ ಬಾಯಿಯಿಲ್ಲ. ಹಾರ್ನ್ ಇದೆ, ಅದನ್ನೂ ಬೇರೆಯವರೇ ಒತ್ತಬೇಕು.

ಠಾಣೆಯ ಅಂಗಳಕ್ಕೂ ಕೋರ್ಟಿಗೂ ನಡುವೆ ಮೊಣಕಾಲೆತ್ತರದ ಒಂದು ಗೋಡೆ ಮಾತ್ರ. ನಾನು ನಿಂತದ್ದು ಹೊಂಗೆ ಮರದ ಕೆಳಗೆ, ಕೋರ್ಟ್ ಹಾಲಿನ ಕಿಟಕಿಯ ಎದುರಿಗೆ. ಬಿಸಿಲು, ಹಕ್ಕಿಯ ಹಿಕ್ಕೆ, ಬಾನೆಟ್ಟಿನೊಳಗೆ ಇಲಿಯ ಸಂಸಾರ. ಇವನ್ನೆಲ್ಲ ಸಹಿಸಿದೆ. ಸಹಿಸಲಾಗದ್ದು ಒಂದು. ಪಾಲಾಕ್ಷ ದಿನವೂ ಆ ದಾರಿಯಲ್ಲಿ ಹೊಸ ಶಿಷ್ಯರ ಜೊತೆ ಹೋಗುತ್ತಿದ್ದ, ನನ್ನನ್ನು ತೋರಿಸಿ, “ನೋಡ್ರಿ, ಹೇಳಿದ ಮಾತು ಕೇಳದಿದ್ರೆ ಹಿಂಗಾಗ್ತದೆ” ಎನ್ನುತ್ತಿದ್ದ. ನಾನು ಅಲ್ಲೇ ನಿಂತು ಅವನ ಕೇಡು ಬಯಸಿದೆ. ನಿಧಾನವಾಗಿ ಬಯಸಿದೆ, ನನಗೆ ಬೇರೆ ಕೆಲಸವಿರಲಿಲ್ಲ.

ತಿಪ್ಪಮ್ಮನ ಗತಿ ಇನ್ನೂ ಕೆಟ್ಟಿತ್ತು. ಕಸದ ಗಾಡಿ ಬೇವನಹಳ್ಳಿಗೆ ಬಂದು ಪಂಚಾಯಿತಿ ಮುಂದೆ ಟಾರ್ಪಾಲು ಹೊದ್ದು ನಿಂತಿತ್ತು. ಕೇಸು ಖುಲಾಸೆಯಾದರೆ ಗಾಡಿ ಅವಳದು, ಶಿಕ್ಷೆಯಾದರೆ ಅವಳ ಹೆಸರು ತೆಗೆದು ಬೇರೆಯವರ ಹೆಸರು ಹಾಕುತ್ತೇವೆ ಎಂದರು. ಅವಳು ಗಾರೆ ಕೆಲಸಕ್ಕೆ ಮರಳಿದ್ದಳು.

ಕಾನೂನು ನೆರವಿನ ಕಡೆಯಿಂದ ಅವಳಿಗೆ ಸಿಕ್ಕ ವಕೀಲೆ ಜಬೀನಾ. ಒಂದು ಮಧ್ಯಾಹ್ನ ಇಬ್ಬರೂ ನನ್ನನ್ನು ನೋಡಲು ಬಂದರು. ಪೇದೆಯ ಅನುಮತಿ ಪಡೆದು ಒಳಗೆ ಕೂತರು. ವಕೀಲೆ ಎಡಗಡೆ, ತಿಪ್ಪಮ್ಮ ಬಲಗಡೆ. ವಕೀಲೆಯ ಕಾಲು ನನಗೆ ಗೊತ್ತಿತ್ತು. ಕಾಲೇಜು ಮುಗಿಸಿದ ವರ್ಷ ಇದೇ ಕಾಲು ನನ್ನ ಕ್ಲಚ್ಚನ್ನು ಕೊಂದು ಇಟ್ಟಿತ್ತು.

“ನೋಡು ತಿಪ್ಪಮ್ಮ,” ಎಂದಳು ಜಬೀನಾ, “ಇಂಥ ಕೇಸಲ್ಲಿ ಹೇಳೋಕೆ ದಾರಿ ಬೇಕಾದಷ್ಟಿವೆ. ಅತಿವೇಗ ಅಂದ್ರೆ ಎಷ್ಟು ವೇಗ, ಯಾರು ಅಳೆದ್ರು ಅಂತ ಕೇಳಬಹುದು. ಬರೀ ಜೋರಾಗಿ ಬಂತು ಅಂದ್ರೆ ಸಾಲದು.”

“ಜೋರಾಗೇ ಬಂತಲ್ಲ ಮೇಡಂ.”

“ನೀನು ನನ್ನ ಕಡೆಯವಳೋ ಸರ್ಕಾರದ ಕಡೆಯವಳೋ? ಸೈಕಲ್ ದಿಢೀರಂತ ಅಡ್ಡ ಬಂತು ಅನ್ನಬಹುದು. ಬಹಳ ಜನ ಅದರಲ್ಲೇ ಬಿಡುಗಡೆ ಆಗೋದು.”

“ಬೀರಣ್ಣ ಅಡ್ಡ ಬರಲಿಲ್ಲ. ಅವನ ಕಾಲೂ ಹೋಗಿ ತಪ್ಪೂ ಅವನದೇ ಆಗಬೇಕಾ? ಅದು ಬ್ಯಾಡ.”

“ಬ್ರೇಕ್ ಫೇಲ್ ಆಯ್ತು ಅಂತ...”

ನಾನು ಕುದಿದುಹೋದೆ.

“ಬ್ರೇಕ್ ಚೆನ್ನಾಗಿತ್ತು ಮೇಡಂ” ಎಂದಳು ತಿಪ್ಪಮ್ಮ. “ಒತ್ತಿದವಳು ನಾನೇ ಅಲ್ವಾ?”

“ಓಡಿಸಿದ್ದು ನೀನಲ್ಲ ಅಂದೆ. ಮತ್ತೆ ಬ್ರೇಕ್ ಒತ್ತಿದ್ದು?”

“ಅದೇ, ನಿಮ್ ಕಾಲು ಇರೋ ಕಡೆಯಿಂದ.”

ಜಬೀನಾಳ ಪಾದ ಎಡಗಡೆಯ ಬ್ರೇಕಿನ ಮೇಲೆ ಬಂದು ನಿಂತಿತು. ಮೆಲ್ಲಗೆ ಒತ್ತಿದಳು. ಬಲಗಡೆಯದು ತಾನಾಗಿ ಕೆಳಗಿಳಿಯಿತು. ಬಿಟ್ಟಳು, ಮತ್ತೆ ಒತ್ತಿದಳು.

“ಇದನ್ನ ನೀನು ಹೇಳಿದ್ರೆ ಯಾರೂ ನಂಬಲ್ಲ,” ಎಂದಳು ಕೊನೆಗೆ. “ನೀನು ಬಲಗಡೆಯಿಂದ ಇಳಿದದ್ದನ್ನ ನೋಡಿದವರಿದ್ದಾರೆ. ಬರುವಾಗ ಅವನೇ ಓಡಿಸೋದು ಅಂತ ಊರಿಗೆಲ್ಲ ಗೊತ್ತು, ಆದರೆ ಕಟಕಟೆ ಹತ್ತಿ ಹೇಳೋಕೆ ಒಬ್ಬನೂ ಬರಲ್ಲ. ಎಲ್ಲರ ಜೇಬಲ್ಲೂ ಅವನು ಕೊಡಿಸಿದ ಲೈಸೆನ್ಸ್ ಇದೆ. ನನ್ನದೂ ಸೇರಿಸಿ.”

“ಹಂಗಾದ್ರೆ?”

“ಅವನ ಬಾಯಲ್ಲೇ ಹೇಳಿಸಬೇಕು.”

“ಹೇಳ್ತಾನಾ?”

“ಮೇಷ್ಟ್ರಲ್ವಾ” ಎಂದು ಜಬೀನಾ ನಕ್ಕಳು. “ಶಿಷ್ಯರ ಮುಂದೆ ಸುಮ್ಮನಿರೋಕೆ ಬರಲ್ಲ.”

ತಿಪ್ಪಮ್ಮನ ಕಾಲು ಬಲಗಡೆಯ ಪೆಡಲಿನ ಮೇಲೆ ಬಿಗಿಯಿತು. “ಖುಲಾಸೆ ಆದ್ರೆ ಸಾಲದು ಮೇಡಂ. ಅವನು ನನ್ನ ಜಾಗದಾಗೆ ನಿಲ್ಲಬೇಕು” ಎಂದಳು. ಅವಳ ಬಾಯಿಂದ ಬಂದದ್ದು ನನ್ನದೇ ಮಾತು.

ಪಾಲಾಕ್ಷನ ಸಾಕ್ಷಿಯ ದಿನ ಬಂತು. ಕೇಸಿನಲ್ಲಿ ನಾನೂ ಸಾಕ್ಷ್ಯದ ಒಂದು ವಸ್ತು. ಗುರುತಿಸಲು ಕರೆದರೆ ಇರಲಿ ಎಂದು ನನ್ನನ್ನು ಗೋಡೆಯ ಪಕ್ಕಕ್ಕೇ ತಳ್ಳಿ ನಿಲ್ಲಿಸಿದ್ದರು. ಕಿಟಕಿ ತೆರೆದಿತ್ತು. ಊರುಗೋಲು ಊರಿಕೊಂಡು ಬೀರಣ್ಣನೂ ಬಂದಿದ್ದ. ಹಿಂದಿನ ತಾರೀಖಿನಲ್ಲಿ ಅವನು, ಹಿಂದಿನಿಂದ ಗುದ್ದಿತು, ಯಾರು ಓಡಿಸಿದರೋ ಕಾಣಲಿಲ್ಲ ಎಂದು ನಿಜ ಹೇಳಿದ್ದ. ವರಾಂಡದಲ್ಲಿ ತಿಪ್ಪಮ್ಮ ಅವನ ಪಕ್ಕ ಕೂತಳು.

“ಬೀರಣ್ಣ, ಅವನಿಗೆ ಶಿಕ್ಷೆ ಆದ್ರೆ ನಿಂಗೆ ಸಮಾಧಾನ ಆಯ್ತದಾ?”

“ಮಗ್ಗದ ಗುಣಿಯೊಳಗೆ ಕಾಲು ಇಳಿಬಿಟ್ರೆ ತಾನೇ ಕಂಬಳಿ” ಎಂದ ಬೀರಣ್ಣ. “ನನ್ ಕಾಲು ಮಡಚಲ್ಲ ಕಣವ್ವ. ಯಾರು ಗೆದ್ರೂ ಅದು ಮಡಚಲ್ಲ. ನೀನು ಗೆಲ್ಲು. ನನ್ನ ತಲೆ ನೆಲಕ್ಕೆ ಬೀಳದಂಗೆ ಹಿಡಿದವಳು ನೀನೊಬ್ಳೇ.”

ಪಾಲಾಕ್ಷ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ. ಒಳಗೆ ಕೂತವರಲ್ಲಿ ಬಹಳ ಜನ ಅವನ ಶಿಷ್ಯರು, ಕೆಲವರು ಎದ್ದೇ ನಿಂತರು. ನ್ಯಾಯಾಧೀಶರು ಮಾತ್ರ ಹೊರಗಿನಿಂದ ಬಂದವರು. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಅವನು ನೀರು ಕುಡಿದಂತೆ ಹೇಳಿದ: ಓಡಿಸಿದವಳು ತಿಪ್ಪಮ್ಮ, ನಿಧಾನಕ್ಕೆ ಹೋಗು ಎಂದರೂ ಕೇಳಲಿಲ್ಲ, ಅತಿವೇಗ, ಅಜಾಗರೂಕತೆ. ಆಮೇಲೆ ಜಬೀನಾ ಎದ್ದಳು.

“ಮೇಷ್ಟ್ರೇ, ನನಗೂ ನೀವೇ ಕಲಿಸಿದ್ದು. ನೆನಪಿದೆಯಾ?”

“ಇಲ್ಲದೆ ಏನು? ನಿಮ್ಮ ಕ್ಲಚ್ಚು ಮರೆಯೋ ಹಂಗಿತ್ತಾ?”

ಹಾಲಿನಲ್ಲಿ ನಗು. ನ್ಯಾಯಾಧೀಶರು, “ಪ್ರಶ್ನೆ ಕೇಳಿ” ಎಂದರು.

“ಹೊಸಬರು ತಪ್ಪು ಮಾಡಿದ್ರೆ ಅಂತ ಹೆದರಿಕೆ ಆಗಲ್ವಾ ನಿಮಗೆ?”

“ಯಾಕಾಗಬೇಕು? ನನ್ನ ಕಾಲು ಬ್ರೇಕ್ ಮೇಲೇ ಇರ್ತದೆ. ಬೇಕಾದ್ರೆ ಇಲ್ಲಿರೋರನ್ನ ಕೇಳಿ.”

ಬೆಂಚುಗಳ ಮೇಲಿನ ತಲೆಗಳು ಆಡಿದವು.

“ಆ ದಿನಾನೂ ಇತ್ತಾ?”

“ಇತ್ತು. ನಾನು ಒತ್ತಿದ್ದಕ್ಕೇ ಆ ಮನುಷ್ಯ ಬದುಕಿದ್ದು.”

ವರಾಂಡದಿಂದ ಒಳಗೆ ಬಂದು ನಿಂತಿದ್ದ ಬೀರಣ್ಣ ಊರುಗೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದ. ನನ್ನೊಳಗೆ ಸರಳು ಬಿಗಿಯಿತು. ಅವಳು ಒತ್ತಿದ ಬ್ರೇಕನ್ನೂ ಇವನು ಕದಿಯುತ್ತಿದ್ದ.

“ಬ್ರೇಕ್ ಸರಿಯಾಗಿ ಹಿಡೀತಾ?”

“ನನ್ನ ಗಾಡಿ ಬ್ರೇಕಿಗೆ ಹೆಸರಿಡೋ ಹಂಗಿಲ್ಲ.”

“ಸೈಕಲ್ ನಿಮಗೆ ಎಲ್ಲಿಂದ ಕಂಡಿತು?”

ದಿಢೀರಂತ ಬಂತು ಎಂದಿದ್ದರೆ ಅವನು ಬಚಾವು. ಆದರೆ ಕಾಣಲಿಲ್ಲ ಎಂದು ಒಪ್ಪಿಕೊಳ್ಳುವುದು, ಅದೂ ತಾನು ರಸ್ತೆ ನೋಡಲು ಕಲಿಸಿದ ಜನರ ಮುಂದೆ, ಅವನಿಂದ ಆಗುವ ಮಾತಲ್ಲ.

“ಏರಿ ತಿರುವಿನಿಂದಲೇ ಕಂಡಿತ್ತು. ಮೇಷ್ಟ್ರ ಕಣ್ಣು ಮೇಡಂ ಇದು.”

“ತಿರುವಿನಿಂದಲೇ ಕಂಡಿತ್ತು. ಕಾಲು ಬ್ರೇಕ್ ಮೇಲೇ ಇತ್ತು. ಬ್ರೇಕ್ ಚೆನ್ನಾಗಿತ್ತು.” ಜಬೀನಾ ಒಂದೊಂದನ್ನೂ ಟೈಪಿಸ್ಟಿಗೆ ಕೇಳುವಂತೆ ನಿಧಾನವಾಗಿ ಹೇಳಿದಳು. “ಹಾಗಾದ್ರೆ ಗುದ್ದೋ ತನಕ ಯಾಕೆ ಕಾದ್ರಿ?”

ಪಾಲಾಕ್ಷ ಬೆಂಚುಗಳ ಕಡೆ ನೋಡಿದ. ಅಲ್ಲಿ ಯಾರೂ ತಲೆ ಆಡಿಸಲಿಲ್ಲ.

“ಅದು... ಅವಳು ಮಾತು ಕೇಳಬೇಕಲ್ಲ ಮೇಡಂ.”

“ಏನು ಕೇಳಲಿಲ್ಲ? ಅವಳ ತಪ್ಪೆಲ್ಲ ಹೇಳಿಬಿಡಿ. ಕೋರ್ಟಿಗೂ ಗೊತ್ತಾಗಲಿ ಎಂಥ ಶಿಷ್ಯೆ ಅಂತ.”

ಮೇಷ್ಟ್ರಿಗೆ ದಾರಿ ಸಿಕ್ಕಂತಾಯಿತು. ಬೈಯುವುದು ಅವನಿಗೆ ಗೊತ್ತಿದ್ದ ಕೆಲಸ. ತಿಪ್ಪಮ್ಮನ ಕಡೆ ತಿರುಗಿ ಬೆರಳು ಎತ್ತಿದ, ಬಯಲಿನಲ್ಲಿ ಎತ್ತುತ್ತಿದ್ದ ಹಾಗೇ. “ಗೇರ್ ಹಾಕುವಾಗ ಕೆಳಗೆ ನೋಡ್ತಾಳೆ. ಇಂಡಿಕೇಟರ್ ಮರೀತಾಳೆ. ಎಲ್ಲಕ್ಕಿಂತ ಕೆಟ್ಟ ಚಟ, ಬರುವಾಗ ಸುಮ್ಮನೆ ಕೂರಮ್ಮ, ಎಡಗಡೆ ಪೆಡಲ್ ಮೇಲೆ ಕಾಲಿಡಬ್ಯಾಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ. ಆವತ್ತೂ ಹಂಗೇ ಇಟ್ಕೊಂಡಿದ್ಲು...”

ಅಲ್ಲಿಗೆ ನಿಲ್ಲಿಸಿದ. ತಡವಾಗಿತ್ತು.

“ಆವತ್ತು ಎಡಗಡೆ ಪೆಡಲ್ ಮೇಲೆ ಇದ್ದದ್ದು ಅವಳ ಕಾಲು” ಎಂದಳು ಜಬೀನಾ. “ಹಾಗಾದ್ರೆ ನಿಮ್ಮ ಕಾಲು ಎಲ್ಲಿತ್ತು ಮೇಷ್ಟ್ರೇ?”

ಪಾಲಾಕ್ಷ ನೀರು ಕೇಳಿದ. ನೀರು ಬಂತು. ಕುಡಿದ. ನ್ಯಾಯಾಧೀಶರು ಕನ್ನಡಕ ತೆಗೆದು, “ಪ್ರಶ್ನೆಗೆ ಉತ್ತರ ಹೇಳಿ” ಎಂದರು. ಅವನು ಇನ್ನೊಂದು ಲೋಟ ನೀರು ಕೇಳಿದ. ಹೊರಗೆ ಬರುವಾಗ ಎದ್ದು ನಿಂತವರು ಕಡಿಮೆ.

ತಿಪ್ಪಮ್ಮ ಖುಲಾಸೆಯಾದಳು. ಸಾಕ್ಷಿಯ ಕಟಕಟೆಯಲ್ಲಿ ನಿಂತಿದ್ದವನನ್ನೇ ಆರೋಪಿಯ ಕಟಕಟೆಗೆ ಕರೆಸಿ ವಿಚಾರಣೆ ಮಾಡಲು ಕೋರ್ಟು ಆದೇಶ ಮಾಡಿತು. ಅವನ ಲೈಸೆನ್ಸು ಅಮಾನತಾಯಿತು, ಸ್ಕೂಲಿಗೆ ಬೀಗ ಬಿತ್ತು. ಅವನಿಗಾಗಿ ಪಟ್ಟಣದ ದೊಡ್ಡ ವಕೀಲರೊಬ್ಬರು ಬಂದರು. ಅವರೂ ಅದೇ ದಾರಿಗಳನ್ನು ಒಂದೊಂದಾಗಿ ತಡಕಿದರು. ವೇಗವನ್ನು ಯಾರು ಅಳೆದರು ಎಂದರು. ಸೈಕಲ್ ಅಡ್ಡ ಬಂತು ಎಂದರು. ತಿರುವಿನಿಂದಲೇ ಕಂಡಿತ್ತು ಎಂದು ಅವನೇ ಹೇಳಿ ಬರೆಸಿದ್ದರಿಂದ ಅದು ನಡೆಯಲಿಲ್ಲ. ಕೊನೆಗೆ ಅವರ ಕೈ ನನ್ನ ಮೇಲೆ ಬಿತ್ತು. ಬ್ರೇಕ್ ಫೇಲ್ ಆಗಿತ್ತು, ಯಾರ ತಪ್ಪೂ ಅಲ್ಲ, ಹಳೆಯ ಗಾಡಿಯ ತಪ್ಪು ಎಂದು ಬರೆದು ಕೊಟ್ಟರು. ಹೆಸರಿಡುವ ಹಾಗಿಲ್ಲ ಎಂದಿದ್ದವನೇ ಅದಕ್ಕೆ ಸಹಿ ಹಾಕಿದ.

ಅಷ್ಟರಲ್ಲಿ ಠಾಣೆಯ ಅಂಗಳದಲ್ಲಿ ಜಾಗ ಸಾಲದೆ ನನ್ನನ್ನು ಷರತ್ತಿನ ಮೇಲೆ ಮಾಲೀಕನಿಗೆ ಒಪ್ಪಿಸಿದರು. ಕೇಸು ಮುಗಿಯುವ ತನಕ ಮಾರಬಾರದು, ಬಿಚ್ಚಬಾರದು, ಬದಲಿಸಬಾರದು, ಕರೆದಾಗ ತೋರಿಸಬೇಕು. ಕ್ರೇನು ನನ್ನನ್ನು ಬೇವನಹಳ್ಳಿಗೆ ಎಳೆದು ತಂದು ಅವನ ಮನೆಯ ಮುಂದಿನ ಓಣಿಯಲ್ಲಿ ಬಿಟ್ಟಿತು. ಪಾಲಾಕ್ಷ ಸಿಟ್ಟಿನಲ್ಲಿ ಹ್ಯಾಂಡ್ ಬ್ರೇಕನ್ನು ಮೇಲಕ್ಕೆ ಜಗ್ಗಿ ಬಾಗಿಲು ಬಡಿದು ಹೋದ. ಮುಂಗಾರು ಬಂತು, ಹಿಂಗಾರು ಬಂತು. ನನ್ನ ಮೇಲೆ ಕೋಳಿಗಳು ಮಲಗಿದವು. ಬೆಳಿಗ್ಗೆ ಬಾಗಿಲು ತೆಗೆದರೆ ಅವನಿಗೆ ಮೊದಲು ಕಾಣುವವನು ನಾನು. ಬಾಗಿಲು ಹಾಕುವಾಗ ಕೊನೆಗೆ ಕಾಣುವವನೂ ನಾನೇ. ಗುಜರಿಗೆ ಹೋದ ನನ್ನ ಓರಗೆಯವರ ಬಗ್ಗೆ ನನಗೆ ಕನಿಕರವಿದೆ. ಅವರಿಗೆ ಇಂಥ ಮುದಿತನ ಸಿಗಲಿಲ್ಲ.

ತಿಪ್ಪಮ್ಮನ ಗಾಡಿ ಈಗ ದಿನವೂ ಬೆಳಿಗ್ಗೆ ಹಾಡು ಹಾಕಿಕೊಂಡು ಬರುತ್ತದೆ. ಪರೀಕ್ಷೆ ಪಾಸಾಗಿ ಲೈಸೆನ್ಸು ಪಡೆದ ಅವಳು ಸೀರೆಯ ಮೇಲೆ ಖಾಕಿ ಕೋಟು ತೊಟ್ಟು ಓಡಿಸುತ್ತಾಳೆ. ಕೋರ್ಟಿನ ಆ ದಿನದಿಂದ ಪಾಲಾಕ್ಷ ಅವಳ ಜೊತೆ ಮಾತಾಡಿರಲಿಲ್ಲ. ಹೆಂಡತಿಯ ಕೈಯಲ್ಲಿ ಕಸದ ಬಕೆಟ್ಟು ಕೊಟ್ಟು ಒಳಗೇ ನಿಲ್ಲುತ್ತಿದ್ದ. ಕಳೆದ ವಾರ ಓಣಿಯ ಒಂದು ಪಕ್ಕ ಚರಂಡಿಗೆ ಅಗೆದರು. ಉಳಿದ ದಾರಿಯ ನಡುವೆ ನಾನು. ತಿಪ್ಪಮ್ಮನ ಗಾಡಿ ನನ್ನ ಮುಂದೆ ಬಂದು ನಿಂತಿತು.

“ಮೇಷ್ಟ್ರೇ, ಕಾರು ಸ್ವಲ್ಪ ಹಿಂದಕ್ಕೆ ಹಾಕ್ಸಿ. ಗಾಡಿ ಹೋಗಲ್ಲ.”

ಅವಳು ಹಾರ್ನ್ ಒತ್ತಿದಳು. ಹಿಂದಿನ ಮನೆಯವರು ಬಕೆಟ್ಟು ಹಿಡಿದು ಗದ್ದಲ ಮಾಡಿದರು. ಕೊನೆಗೆ ಪಾಲಾಕ್ಷ ಲುಂಗಿ ಎತ್ತಿ ಕಟ್ಟಿಕೊಂಡು ಹೊರಗೆ ಬಂದ. ಬಾಗಿಲು ತೆಗೆದು ಹ್ಯಾಂಡ್ ಬ್ರೇಕು ಇಳಿಸಿದ. ಚಹದ ಅಂಗಡಿಯಿಂದ ನಾಲ್ಕಾರು ಜನ ಬಂದು ನನಗೆ ಹೆಗಲು ಕೊಟ್ಟರು.

“ಹ್ಞಾಂ, ತಳ್ಳಿ” ಎಂದ ಪಾಲಾಕ್ಷ.

ನಾನು ಅಲುಗಲಿಲ್ಲ. ಎರಡು ಮಳೆಗಾಲ ಬಿಗಿಹಿಡಿದು ಕೂತ ಹಿಂದಿನ ಗಾಲಿಗಳ ಬ್ರೇಕು ತುಕ್ಕಿನಲ್ಲಿ ಗಾಲಿಗೇ ಕಚ್ಚಿಕೊಂಡಿತ್ತು. ಹಿಡಿಕೆ ಇಳಿಸಿದರೆ ಇಳಿಯಲಿ, ಅದು ಬಿಡುವುದಿಲ್ಲ. ಮತ್ತೆ ತಳ್ಳಿದರು. ಯಾರದೋ ಚಪ್ಪಲಿ ಹರಿಯಿತು. ಪಾಲಾಕ್ಷ ತಾನೂ ಬೆನ್ನು ಕೊಟ್ಟು, ಹಲ್ಲು ಕಚ್ಚಿ ದೂಡಿದ. ಅವನ ಬರಿಗಾಲು ಮಣ್ಣಿನಲ್ಲಿ ಹಿಂದಕ್ಕೆ ಜಾರಿತು.

“ಇದೇನಣ್ಣ, ಬಂಡೆ ಕೂತಂಗೆ ಕೂತೈತೆ. ಎಂಥ ಹಿಡಿತ ಇದು” ಎಂದ ಒಬ್ಬ.

ತಿಪ್ಪಮ್ಮ ಹಾಡು ನಿಲ್ಲಿಸಿದಳು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಓಣಿಗೆಲ್ಲ ಕೇಳುವಂತೆ, ಆದರೆ ತಣ್ಣಗೆ ಕೇಳಿದಳು:

“ಯಾಕ್ ಮೇಷ್ಟ್ರೇ, ಬ್ರೇಕ್ ಫೇಲ್ ಆಗಿತ್ತಲ್ಲ?”

ತಳ್ಳುತ್ತಿದ್ದವರು ಮೊದಲು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನಕ್ಕರು. ನಗು ಬಕೆಟ್ಟುಗಳ ಸಾಲಿನ ಮೇಲೆ ಹಾದು ಓಣಿಯ ಕೊನೆ ಮುಟ್ಟಿತು. ಅವನ ಹೆಂಡತಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಪಾಲಾಕ್ಷನ ಬೆನ್ನು ಇನ್ನೂ ನನ್ನ ಮೈಗೆ ತಾಗಿಕೊಂಡೇ ಇತ್ತು. ಅದು ಬಿಸಿಯಾಗಿತ್ತು.

“ಗಾಡಿ ಮುಂದೆ ಬರಲ್ಲ” ಎಂದಳು ತಿಪ್ಪಮ್ಮ. “ಎಲ್ರೂ ಬಕೆಟ್ ತಗೊಂಡು ಮೂಲೆಗೆ ಬನ್ನಿ. ಹಸಿ ಕಸ, ಒಣ ಕಸ ಬ್ಯಾರೆ ಮಾಡಿರ್ಬೇಕು. ನೀವೂ ಬನ್ನಿ ಮೇಷ್ಟ್ರೇ.”

ಅವಳು ಗಾಡಿಯನ್ನು ರಿವರ್ಸಿಗೆ ಹಾಕಿ, ಒಂದು ಗೋಡೆಗೂ ತಾಗಿಸದೆ, ಆ ಇಕ್ಕಟ್ಟಿನ ಓಣಿಯ ಉದ್ದಕ್ಕೂ ಹಿಂದಕ್ಕೆ ಹೋದಳು. ಪಾಲಾಕ್ಷ ಬೆನ್ನಿಗೆ ಹತ್ತಿದ ತುಕ್ಕು ಕೊಡವಿಕೊಂಡ. ಆಮೇಲೆ ಒಳಗೆ ಹೋಗಿ ಎರಡು ಬಕೆಟ್ಟು ತಂದು, ಜನರ ಹಿಂದೆ ಸಾಲಿನಲ್ಲಿ ನಡೆದ.

ಮುಂದಿನ ತಾರೀಖು ಹತ್ತಿರ ಬರುತ್ತಿದೆ. ಬ್ರೇಕು ಹಿಡಿಯುವುದಿಲ್ಲ ಎಂದು ಅವನ ವಕೀಲರು ವಾದಿಸುತ್ತಾರಂತೆ. ವಾದಿಸಲಿ. ನನ್ನ ಮೈ ದಿನಕ್ಕೆ ಸ್ವಲ್ಪ ಸ್ವಲ್ಪ ಉದುರುತ್ತಿದೆ; ಬಾಗಿಲು ಹೋಗುತ್ತದೆ, ನೆಲ ಹೋಗುತ್ತದೆ, ಅವನ ಹೆಸರು ಬರೆದ ಬೆನ್ನೂ ಹೋಗುತ್ತದೆ. ಗಾಲಿ ಮಾತ್ರ ಕೊನೆಗೆ. ನಾನು ಹಿಡಿದಿದ್ದೇನೆ. ಬಿಡುವುದಿಲ್ಲ.